32 ಎಂಬಿಯೊಳಗೆ ಹಿಡಿಸುವುದು ಹೇಗೆ?

ಹಿಂದಿನ ಸಂಚಿಕೆಯಲ್ಲಿ ರೂಟರ್, ಮೀಟರ್, ಕ್ಯಾಮೆರಾಗಳಂಥ ಪುಟ್ಟ ಸಾಧನಗಳ ಒಳಗೆ ಕೂತಿರುವ ಲಿನಕ್ಸ್ ಬಗ್ಗೆ ಒಂದು ಸಣ್ಣ ಉತ್ತರ ಬರೆದಿದ್ದೆ. ಅದರ ಬೆನ್ನಿಗೇ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರಿನವು: ಇಮೇಜ್ (ಸಾಧನಕ್ಕೆ ತುಂಬುವ ಇಡೀ ಸಾಫ್ಟ್‌ವೇರ್ ಕಟ್ಟು) ದಪ್ಪಗಾಗಿದೆ, ಫ್ಲಾಶ್ ಎಂಬ ಶೇಖರಣಾ ಚಿಪ್‌ನಲ್ಲಿ ಹಿಡಿಸುತ್ತಿಲ್ಲ. ಹಾಗಾಗಿ ಈ ಸಲದ ಅಂಕಣ ಇಡಿಯಾಗಿ ಅದಕ್ಕೇ. ಹದಿನೆಂಟು ವರ್ಷ ಫರ್ಮ್‌ವೇರ್ (ಸಾಧನದೊಳಗಿನ ಸಾಫ್ಟ್‌ವೇರ್) ಕೆಲಸ ಮಾಡಿದವಳು ನಾನು. ಕೆಳಗೆ ಬರುವ ತಪ್ಪುಗಳಲ್ಲಿ ಅರ್ಧದಷ್ಟು ನಾನೇ ಮಾಡಿದವು. ಯಾವುವೆಂದು ಅಲ್ಲಲ್ಲೇ ಒಪ್ಪಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ನಮ್ಮ ಬೋರ್ಡ್‌ನಲ್ಲಿ 32 ಎಂಬಿ ಫ್ಲಾಶ್ ಇದೆ. ಯೋಕ್ಟೋದಲ್ಲಿ (ಸಾಧನಕ್ಕೆ ತಕ್ಕ ಲಿನಕ್ಸ್ ಕಟ್ಟುವ ಸಲಕರಣೆ) ಕಟ್ಟಿದ ರೂಟ್ ಫೈಲ್ ಸಿಸ್ಟಮ್, ಅಂದರೆ ಪ್ರೋಗ್ರಾಮ್, ಲೈಬ್ರರಿ ಎಲ್ಲ ಇರುವ ಫೈಲುಗಳ ಮರ, 74 ಎಂಬಿ ಬಂತು. ಅದನ್ನು ಸ್ಕ್ವಾಶ್‌ಎಫ್‌ಎಸ್ (ಓದಲು ಮಾತ್ರ ಬರುವ, ಕುಗ್ಗಿಸಿದ ಫೈಲ್ ಸಿಸ್ಟಮ್) ಮಾಡಿ ಎಕ್ಸ್‌ಜೆಡ್ ಎಂಬ ವಿಧಾನದಲ್ಲಿ ಕುಗ್ಗಿಸಿದರೆ 27. ಬೂಟ್‌ಲೋಡರ್ (ಕರ್ನಲನ್ನು ಎಬ್ಬಿಸುವ ಪ್ರೋಗ್ರಾಮ್), ಕರ್ನಲ್ (ಲಿನಕ್ಸ್‌ನ ತಿರುಳು), ಸೆಟ್ಟಿಂಗ್‌ಗಳ ಪಾರ್ಟಿಷನ್ ಎಲ್ಲ ಕಳೆದು ನನಗೆ ಸಿಗುವ ಜಾಗ 22. ಕಂಪೈಲರ್‌ಗೆ ಮೈನಸ್ ಓ ಎಸ್ (ಕೋಡ್ ಸಣ್ಣದಾಗಿಸು ಎಂಬ ಆಯ್ಕೆ) ಕೊಟ್ಟು ನೋಡಿದೆ, ಅರ್ಧ ಎಂಬಿಯೂ ಇಳಿಯಲಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಕಂಪೈಲರ್ ಆಯ್ಕೆ ಇಳಿಸುವುದು ಕೋಡ್‌ನ ಗಾತ್ರವನ್ನು ಮಾತ್ರ. ನಿಮ್ಮ 74 ಎಂಬಿಯಲ್ಲಿ ಕೋಡ್ ಎಷ್ಟು, ಬೇರೆ ಸಾಮಾನು ಎಷ್ಟು? ಪತ್ರದಲ್ಲಿ ಆ ಲೆಕ್ಕ ಇಲ್ಲ. ಶುರು ಮಾಡಬೇಕಾದ್ದು ಅಲ್ಲಿಂದ.

ಯೋಕ್ಟೋದಲ್ಲಿ ಬಿಲ್ಡ್‌ಹಿಸ್ಟರಿ ಎಂಬ ಕ್ಲಾಸ್ ಇದೆ. ಅದನ್ನು ಲೋಕಲ್ ಡಾಟ್ ಕಾನ್ಫ್ ಎಂಬ ಸೆಟ್ಟಿಂಗ್ ಫೈಲಿನಲ್ಲಿ ಇನ್‌ಹೆರಿಟ್ ಮಾಡಿಸಿ ಇನ್ನೊಮ್ಮೆ ಬಿಲ್ಡ್ ಮಾಡಿ. ಇಮೇಜಿನೊಳಗೆ ಹೋದ ಒಂದೊಂದು ಪ್ಯಾಕೇಜಿನ ತೂಕವನ್ನೂ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ ಪಟ್ಟಿ ಸಿಗುತ್ತದೆ. ಯಾರು ಯಾರನ್ನು ಎಳೆದು ತಂದರು ಎಂಬ ಚಿತ್ರವೂ ಜೊತೆಗೆ. ಯೋಕ್ಟೋದಂಥದ್ದೇ ಇನ್ನೊಂದು ಸಲಕರಣೆಯಾದ ಬಿಲ್ಡ್‌ರೂಟ್ ಬಳಸುವವರಿಗೆ ಮೇಕ್ ಗ್ರಾಫ್-ಸೈಜ್ ಇದೆ. ಎರಡೂ ಇಲ್ಲದವರು ರೂಟ್ ಫೈಲ್ ಸಿಸ್ಟಮ್ ಬಿಚ್ಚಿಟ್ಟು ಗಾತ್ರ ಎಣಿಸುವ ಡಿಯು ಕಮಾಂಡ್ ಓಡಿಸಿ ಸಾರ್ಟ್ ಮಾಡಿದರೂ ಸಾಕು. ಪಟ್ಟಿಯ ಮೊದಲ ಹತ್ತು ಸಾಲು ಮಾತ್ರ ಓದಿ. ಕೆಳಗಿನ ಇನ್ನೂರು ಸಾಲುಗಳಲ್ಲಿ ಕೈಯಾಡಿಸುತ್ತ ಕೂತರೆ ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಂಡ ಹಾಗೆ.

ಆ ಹತ್ತು ಸಾಲುಗಳಲ್ಲಿ ಏನಿರಬಹುದು ಎಂದು ನೋಡದೆಯೇ ಊಹಿಸುತ್ತೇನೆ. ಲಿನಕ್ಸ್-ಫರ್ಮ್‌ವೇರ್ ಒಂದು ಇರುತ್ತದೆ. ವೈಫೈ ಚಿಪ್‌ಗೆ ಬೇಕಾದ್ದು ಕೆಲವು ನೂರು ಕೆಬಿಯ ಒಂದೇ ಫೈಲ್. ಆದರೆ ಆ ಹೆಸರಿನ ಪ್ಯಾಕೇಜನ್ನು ಹಾಗೇ ಸೇರಿಸಿದರೆ ಪ್ರಪಂಚದ ಎಲ್ಲ ಕಾರ್ಡುಗಳ ಫರ್ಮ್‌ವೇರ್ ನೂರಾರು ಎಂಬಿಯಾಗಿ ಬಂದು ಕೂರುತ್ತದೆ. ನಿಮ್ಮದು 74ರಲ್ಲೇ ನಿಂತಿರುವುದರಿಂದ ಪೂರ್ತಿ ಬಂದಿಲ್ಲ, ಯಾವುದೋ ಒಂದು ಕಂಪನಿಯ ಇಡೀ ಕಟ್ಟು ಬಂದಿರಬಹುದು. ಯೋಕ್ಟೋ ಅದನ್ನು ಚಿಪ್ ಚಿಪ್‌ಗೂ ಬೇರೆ ಪ್ಯಾಕೇಜಾಗಿ ಒಡೆದಿಟ್ಟಿದೆ. ನಿಮ್ಮದೊಂದನ್ನೇ ಹೆಸರು ಹಿಡಿದು ಕರೆಯಿರಿ. ಎರಡನೆಯದು ಕರ್ನಲ್-ಮಾಡ್ಯೂಲ್ಸ್. ಅದು ಕಟ್ಟಿದ ಮಾಡ್ಯೂಲ್‌ಗಳನ್ನೆಲ್ಲ (ಬೇಕಾದಾಗ ಕರ್ನಲ್‌ಗೆ ಸೇರುವ ತುಣುಕುಗಳು) ಒಟ್ಟಿಗೆ ತುಂಬುವ ಪ್ಯಾಕೇಜ್. ಬೋರ್ಡ್‌ನಲ್ಲಿ ಎಲ್‌ಎಸ್‌ಮಾಡ್ ಓಡಿಸಿ ನೋಡಿ, ಐದೋ ಆರೋ ಲೋಡ್ ಆಗಿರುತ್ತವೆ. ಮೂರನೆಯದು ಪೈಥಾನ್, ಅದೂ ಯಾರೋ ಬರೆದ ಎಂಬತ್ತು ಸಾಲಿನ ಸ್ಕ್ರಿಪ್ಟ್‌ಗಾಗಿ. ನಾಲ್ಕನೆಯದು ಐಸಿಯು ಲೈಬ್ರರಿಯ ಡೇಟಾ ಫೈಲ್, ಭಾಷೆ ಭಾಷೆಗೂ ದಿನಾಂಕ ಬರೆಯುವ ಕ್ರಮ, ಅಕ್ಷರಗಳನ್ನು ಜೋಡಿಸುವ ಕ್ರಮ ಹೊತ್ತುಕೊಂಡಿರುವಂಥದ್ದು. ಪರದೆಯೇ ಇಲ್ಲದ ಪೆಟ್ಟಿಗೆಗೆ ಅದು ಏಕೆ ಬೇಕು?

ಇವೆಲ್ಲ ನೀವು ಕರೆಯದೆ ಬಂದವು. ಯೋಕ್ಟೋದಲ್ಲಿ ‘ಬೇಕೇ ಬೇಕು’ ಎನ್ನುವ ಅವಲಂಬನೆ ಬೇರೆ, ‘ಇದ್ದರೆ ಒಳ್ಳೆಯದು’ ಎನ್ನುವ ಶಿಫಾರಸು ಬೇರೆ. ಶಿಫಾರಸಿನ ಮೇಲೆ ಬಂದವರೂ ಮಾಮೂಲಾಗಿ ಒಳಗೆ ಬಂದುಬಿಡುತ್ತಾರೆ. ಬ್ಯಾಡ್ ರೆಕಮೆಂಡೇಷನ್ಸ್ ಪಟ್ಟಿಗೆ ಹೆಸರು ಬರೆದರೆ ಅವರನ್ನು ಬಾಗಿಲಲ್ಲೇ ತಡೆಯಬಹುದು. ಇನ್ನೊಂದು, ಡಿಸ್ಟ್ರೋ ಫೀಚರ್ಸ್ ಎಂಬ ಸೌಲಭ್ಯಗಳ ಪಟ್ಟಿ. ಹಲವು ಆವೃತ್ತಿಗಳಲ್ಲಿ ತಾನಾಗಿ ಬರುವ ಪಟ್ಟಿಯಲ್ಲಿ ಬ್ಲೂಟೂತ್, ಎಕ್ಸ್11, ಎನ್‌ಎಫ್‌ಸಿ ಮಾತ್ರವಲ್ಲ, ಪಿಸಿಎಂಸಿಐಎ ಕೂಡ ಇರುತ್ತಿತ್ತು. ಹಳೆಯ ಲ್ಯಾಪ್‌ಟಾಪ್‌ಗಳ ಪಕ್ಕೆಯಲ್ಲಿ ತೂರಿಸುತ್ತಿದ್ದ ಆ ಕಾರ್ಡ್ ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರೋ ಕಾಣೆ.

ನನ್ನ ಪಾಲಿನ ತಪ್ಪು ಇಲ್ಲಿಯದೇ. ಒಮ್ಮೆ ಹನ್ನೆರಡು ಸಾಲಿನ ಸ್ಕ್ರಿಪ್ಟ್ ಬರೆದು ಮೊದಲ ಸಾಲಿನಲ್ಲಿ ಅಭ್ಯಾಸಬಲದಿಂದ ಬ್ಯಾಶ್ (ಕಮಾಂಡ್‌ಗಳನ್ನು ಓಡಿಸುವ ಒಂದು ದೊಡ್ಡ ಶೆಲ್) ಎಂದು ಹಾಕಿದ್ದೆ. ಪ್ಯಾಕೇಜ್ ಮಾಡುವ ಸಲಕರಣೆ ಆ ಸಾಲನ್ನು ಓದಿ, ಬ್ಯಾಶ್ ಬೇಕಂತೆ ಎಂದು ನಿರ್ಧರಿಸಿ, ಬ್ಯಾಶನ್ನೂ ಅದಕ್ಕೆ ಬೇಕಾದ ಲೈಬ್ರರಿಯನ್ನೂ ಒಳಗೆ ತಂದಿತು. ಎಸ್‌ಎಚ್ ಎಂಬ ಸಣ್ಣ ಶೆಲ್‌ಗೆ ತಿದ್ದಿದ ಮೇಲೆ ಒಂದು ಎಂಬಿಗಿಂತ ಹೆಚ್ಚು ಹೊರಟುಹೋಯಿತು. ಹನ್ನೆರಡು ಸಾಲಿನಲ್ಲಿ ಬ್ಯಾಶ್‌ಗೇ ವಿಶೇಷವಾದದ್ದು ಒಂದಕ್ಷರವೂ ಇರಲಿಲ್ಲ.

ನಿಮ್ಮ ಸ್ವಂತ ಅಪ್ಲಿಕೇಶನ್ ಕಡೆಗೂ ಒಂದು ಕಣ್ಣು ಇಡಿ. ಯೋಕ್ಟೋ, ಬಿಲ್ಡ್‌ರೂಟ್ ಎರಡೂ ತಾವು ಕಟ್ಟಿದ್ದರ ಡೀಬಗ್ ಮಾಹಿತಿಯನ್ನು (ದೋಷ ಹುಡುಕಲು ಬೇಕಾದದ್ದು) ಸ್ಟ್ರಿಪ್ ಮಾಡುತ್ತವೆ, ಅಂದರೆ ಕಿತ್ತುಹಾಕುತ್ತವೆ. ಬೇರೆ ತಂಡ ಕಟ್ಟಿ ಕಳಿಸಿದ ಬೈನರಿಯನ್ನು ಕಾಪಿ ಮಾಡುವಲ್ಲಿ ಯಾರೋ ಸ್ಟ್ರಿಪ್ ನಿಲ್ಲಿಸಿರುತ್ತಾರೆ, ಆಮೇಲೆ ಮರೆತಿರುತ್ತಾರೆ. ಫೈಲ್ ಕಮಾಂಡ್ ಕೊಟ್ಟರೆ ‘ನಾಟ್ ಸ್ಟ್ರಿಪ್ಡ್’ ಎಂದು ಅದೇ ಹೇಳುತ್ತದೆ.

ನೀವು ಇಳಿಸಬೇಕಾದ್ದು 5 ಎಂಬಿ. ದಯವಿಟ್ಟು 5ಕ್ಕೆ ನಿಲ್ಲಬೇಡಿ, 8 ಇಳಿಸಿ. ಮುಂದಿನ ವರ್ಷ ಗೂಢಲಿಪಿಯ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನ ಸುರಕ್ಷತಾ ಅಪ್‌ಡೇಟ್ ಹಾಕಲೇಬೇಕಾದಾಗ ಅದು ಈಗಿನದಕ್ಕಿಂತ ತೆಳ್ಳಗಿರುವ ಸಂಭವ ಕಡಿಮೆ.

ಪ್ರಶ್ನೆ: ಎಕ್ಸ್‌ಜೆಡ್ ಅತಿ ಹೆಚ್ಚು ಕುಗ್ಗಿಸುತ್ತದೆ ಎಂದು ಓದಿ ಅದನ್ನೇ ಹಾಕಿ, ಬ್ಲಾಕ್ ಗಾತ್ರವನ್ನೂ 1 ಎಂಬಿಗೆ ಏರಿಸಿದೆ. ಇಮೇಜ್ ಸಣ್ಣದಾಯಿತು, ಆದರೆ ಬೂಟ್ ಆಗಲು ಮೊದಲಿಗಿಂತ ಬಹಳ ಹೊತ್ತು ಹಿಡಿಯುತ್ತಿದೆ. ಎಲ್ಲಿ ತಪ್ಪಿದೆ?

ಉತ್ತರ: ತಪ್ಪಿಲ್ಲ, ಬೆಲೆ ಕೊಟ್ಟಿದ್ದೀರಿ. ಸ್ಕ್ವಾಶ್‌ಎಫ್‌ಎಸ್ ಫೈಲುಗಳನ್ನು ಬ್ಲಾಕ್‌ಗಳಾಗಿ ಕತ್ತರಿಸಿ ಒಂದೊಂದನ್ನೂ ಬೇರೆಯಾಗಿ ಕುಗ್ಗಿಸುತ್ತದೆ. ತಾನಾಗಿ ಬರುವ ಬ್ಲಾಕ್ 128 ಕೆಬಿ, ಗರಿಷ್ಠ 1 ಎಂಬಿ. ಬ್ಲಾಕ್ ದೊಡ್ಡದಾದಷ್ಟೂ ಒಳಗೆ ಮತ್ತೆ ಮತ್ತೆ ಬರುವ ಮಾದರಿಗಳು ಹೆಚ್ಚು ಸಿಕ್ಕಿ ಚೆನ್ನಾಗಿ ಕುಗ್ಗುತ್ತದೆ. ಆದರೆ ಲೈಬ್ರರಿಯೊಂದರ ನಡುವಿನಿಂದ 4 ಕೆಬಿಯ ಒಂದು ಪುಟ ಬೇಕಾದರೂ ಇಡೀ ಬ್ಲಾಕನ್ನು ಬಿಚ್ಚಲೇಬೇಕು. ಬೂಟ್ ಸಮಯದಲ್ಲಿ ನಡೆಯುವುದೆಲ್ಲ ಇಂಥ ಚೂರುಪಾರು ಓದುಗಳೇ. ರ್ಯಾಮ್ ಕಡಿಮೆಯಿದ್ದರೆ ಇನ್ನೂ ಕಷ್ಟ: ಬಿಚ್ಚಿದ ಪುಟಗಳನ್ನು ಕರ್ನಲ್ ಹೊರಹಾಕುತ್ತದೆ, ಮತ್ತೆ ಬೇಕಾಗುತ್ತದೆ, ಮತ್ತೆ ಅದೇ ಬ್ಲಾಕ್ ಬಿಚ್ಚುತ್ತದೆ.

ನಾನಾದರೆ ಮೊದಲು ಝಡ್‌ಸ್ಟ್ಯಾಂಡರ್ಡ್ ಎಂಬ ಇನ್ನೊಂದು ಕುಗ್ಗಿಸುವ ವಿಧಾನ ಹಾಕಿ ನೋಡುತ್ತೇನೆ. ಲಿನಕ್ಸ್ 4.14ರಿಂದ ಸ್ಕ್ವಾಶ್‌ಎಫ್‌ಎಸ್‌ಗೆ ಅದು ಬರುತ್ತದೆ. ಎಕ್ಸ್‌ಜೆಡ್‌ಗಿಂತ ಗಾತ್ರ ತುಸು ಹೆಚ್ಚು, ಬಿಚ್ಚುವ ವೇಗ ಎಷ್ಟೋ ಪಟ್ಟು ಹೆಚ್ಚು. ಜಾಗ ನಿಜಕ್ಕೂ ಸಾಲದಿದ್ದರೆ ಎಕ್ಸ್‌ಜೆಡ್‌ನಲ್ಲೇ ಇರಿ, ಬ್ಲಾಕನ್ನು 256 ಕೆಬಿಗೆ ಇಳಿಸಿ, ಜೊತೆಗೆ ಬಿಸಿಜೆ ಎಂಬ ಫಿಲ್ಟರ್ ಹಾಕಿ. ಅದು ಪ್ರೊಸೆಸರ್ ಆದೇಶಗಳೊಳಗಿನ ಜಿಗಿತದ ವಿಳಾಸಗಳನ್ನು ಒಂದೇ ರೂಪಕ್ಕೆ ತಂದು, ಕುಗ್ಗಿಸುವವನ ಕೆಲಸ ಹಗುರ ಮಾಡುತ್ತದೆ. ಆರ್ಮ್, ಆರ್ಮ್-ಥಂಬ್ ಎಂಬ ಪ್ರೊಸೆಸರ್ ಆದೇಶಗಳ ಬಗೆಗಳಿಗೆ ಬೇರೆ ಬೇರೆ ಫಿಲ್ಟರ್ ಇವೆ. ನಿಮ್ಮ ಕೋಡ್ ಯಾವುದೋ ಅದನ್ನೇ ಆರಿಸಿ. ಕರ್ನಲ್ ಕಾನ್ಫಿಗ್‌ನಲ್ಲೂ ಅದೇ ಫಿಲ್ಟರ್ ಆನ್ ಇರಬೇಕು, ಇಲ್ಲದಿದ್ದರೆ ಆ ಬ್ಲಾಕ್‌ಗಳನ್ನು ಬಿಚ್ಚಲಾಗದು.

ಕುಗ್ಗಿಸಿದ ಮೇಲಿನ ಲೆಕ್ಕ ಮೋಸ ಮಾಡುವುದೂ ಉಂಟು. ಒಂದು ಎಂಬಿ ಪಠ್ಯ ಫೈಲ್ ಅಳಿಸಿದರೆ ಇಮೇಜಿನಲ್ಲಿ ಇಳಿಯುವುದು ಅದರ ಒಂದು ಪಾಲು ಮಾತ್ರ. ಒಂದು ಎಂಬಿ ಜೆಪೆಗ್ ಅಳಿಸಿದರೆ ಹೆಚ್ಚುಕಡಿಮೆ ಒಂದು ಎಂಬಿಯೇ ಇಳಿಯುತ್ತದೆ, ಅದು ಮೊದಲೇ ಕುಗ್ಗಿದ್ದು. ಹಾಗಾಗಿ ಡಾಕ್ಯುಮೆಂಟೇಷನ್ ಅಳಿಸಿ ಸಂಭ್ರಮಿಸುವ ಮೊದಲು ವೆಬ್ ಪುಟದ ಹಿನ್ನೆಲೆ ಚಿತ್ರ ನೋಡಿ. ಕರ್ನಲ್ ಮಾಡ್ಯೂಲ್‌ಗಳನ್ನು ಒಂದೊಂದಾಗಿ ಕುಗ್ಗಿಸಿ ಸ್ಕ್ವಾಶ್‌ಎಫ್‌ಎಸ್‌ನೊಳಗೆ ಇಡುವವರಿದ್ದಾರೆ. ಕುಗ್ಗಿದ್ದನ್ನು ಮತ್ತೆ ಕುಗ್ಗಿಸಲಾಗದು. ಬಿಚ್ಚಿಯೇ ಇಡಿ, ಸ್ಕ್ವಾಶ್‌ಎಫ್‌ಎಸ್ ತನ್ನ ಕೆಲಸ ತಾನು ಮಾಡಿಕೊಳ್ಳುತ್ತದೆ.

ಪ್ರಶ್ನೆ: ನನ್ನ ರೂಟರ್‌ನಲ್ಲಿ ಓಪನ್‌ಡಬ್ಲ್ಯುಆರ್‌ಟಿ (ರೂಟರ್‌ಗಳಿಗಾಗಿ ಮಾಡಿದ ಲಿನಕ್ಸ್) ಇದೆ. ಜಾಗ ಸಾಲದೆಂದು ಬೇಡದ ನಾಲ್ಕು ಪ್ಯಾಕೇಜ್ ತೆಗೆದೆ. ಖಾಲಿ ಜಾಗ ಹೆಚ್ಚುವ ಬದಲು ಸ್ವಲ್ಪ ಕಡಿಮೆಯೇ ಆಯಿತು! ಇದೇನು ಮಾಯೆ?

ಉತ್ತರ: ಇಮೇಜಿನೊಂದಿಗೆ ಬಂದ ಭಾಗ ಸ್ಕ್ವಾಶ್‌ಎಫ್‌ಎಸ್‌ನಲ್ಲಿದೆ. ಅದನ್ನು ಓದಬಹುದು, ತಿದ್ದಲಾಗದು. ಅದರ ಮೇಲೆ ಓವರ್‌ಲೇ ಎಂಬ ತೆಳುವಾದ ಪದರವಿದೆ, ಬರೆಯುವುದೆಲ್ಲ ಅಲ್ಲಿಗೆ. ನೀವು ಪ್ಯಾಕೇಜ್ ‘ತೆಗೆದಾಗ’ ಕೆಳಗಿನದು ಇದ್ದಲ್ಲೇ ಇರುತ್ತದೆ. ‘ಈ ಫೈಲ್ ಇಲ್ಲ ಎಂದು ತಿಳಿಯಿರಿ’ ಎಂಬ ಚೀಟಿ ಮೇಲಿನ ಪದರದಲ್ಲಿ ಬರೆಯಲ್ಪಡುತ್ತದೆ. ಚೀಟಿಗೂ ಜಾಗ ಬೇಕಲ್ಲ, ಅದು ಹೋಯಿತು. ಹೊಸದಾಗಿ ಹಾಕಿಕೊಂಡ ಪ್ಯಾಕೇಜ್ ತೆಗೆದರೆ ಮಾತ್ರ ಜಾಗ ಬಿಡುಗಡೆಯಾಗುತ್ತದೆ. ಮೂಲದಲ್ಲಿ ಇದ್ದದ್ದನ್ನು ಬಿಡಬೇಕಾದರೆ ಇಮೇಜ್ ಬಿಲ್ಡರ್ ಬಳಸಿ ಆ ನಾಲ್ಕೂ ಇಲ್ಲದ ಹೊಸ ಇಮೇಜ್ ಕಟ್ಟಿ ಹಾಕಬೇಕು. ನಿಮ್ಮದು 4 ಎಂಬಿ ಫ್ಲಾಶ್, 32 ಎಂಬಿ ರ್ಯಾಮ್‌ನ ಹಳೆಯ ರೂಟರ್ ಆಗಿದ್ದರೆ ಇಷ್ಟೆಲ್ಲ ಪಾಡೂ ಬೇಡ. 19.07 ಆವೃತ್ತಿಯ ನಂತರ ಆ ಅಳತೆಯ ಸಾಧನಗಳಿಗೆ ಅಧಿಕೃತ ಇಮೇಜ್ ಬರುವುದು ನಿಂತಿದೆ.

ಪ್ರಶ್ನೆ: ಪುಟ್ಟ ಸಾಧನಗಳಲ್ಲಿ ಕಾಣುವ ಬ್ಯುಸಿಬಾಕ್ಸ್ ಒಂದೇ ಫೈಲ್ ಆಗಿದ್ದೂ ಎಲ್‌ಎಸ್, ಕ್ಯಾಟ್, ಗ್ರೆಪ್ ಎಂಬ ಕಮಾಂಡುಗಳೆಲ್ಲ ಹೇಗೆ ಆಗುತ್ತದೆ? ಅಷ್ಟು ಒಳ್ಳೆಯದಿದ್ದರೆ ಎಲ್ಲರೂ ಅದನ್ನೇ ಏಕೆ ಬಳಸುವುದಿಲ್ಲ?

ಉತ್ತರ: ಒಬ್ಬನೇ ಪಾತ್ರಧಾರಿ, ಯಾವ ಹೆಸರಿನಿಂದ ಕರೆದರೋ ಆ ವೇಷ. ಎಲ್‌ಎಸ್, ಕ್ಯಾಟ್ ಎಂಬುವೆಲ್ಲ ಬ್ಯುಸಿಬಾಕ್ಸ್‌ನತ್ತ ಬೆರಳು ತೋರುವ ಸಿಂಬಾಲಿಕ್ ಲಿಂಕ್‌ಗಳು. ಯಾವುದೇ ಪ್ರೋಗ್ರಾಮ್ ಶುರುವಾಗುವಾಗ ಅದನ್ನು ಯಾವ ಹೆಸರಿನಿಂದ ಕರೆದರು ಎಂಬುದು ಮೊದಲ ಆರ್ಗ್ಯುಮೆಂಟಾಗಿ ಅದಕ್ಕೆ ತಲುಪುತ್ತದೆ. ಬ್ಯುಸಿಬಾಕ್ಸ್ ಅದನ್ನು ನೋಡಿ ಆಯಾ ಕೆಲಸಕ್ಕೆ ತಿರುಗಿಕೊಳ್ಳುತ್ತದೆ. 300ಕ್ಕೂ ಹೆಚ್ಚು ಕಮಾಂಡುಗಳು ಒಂದೇ ಫೈಲಿನಲ್ಲಿರುವುದರಿಂದ ಆಯ್ಕೆಗಳನ್ನು ಓದುವ, ದೋಷ ಹೇಳುವ, ಫೈಲ್ ತೆರೆಯುವ ಕೋಡ್ ಎಲ್ಲಕ್ಕೂ ಒಂದೇ. ಬೇರೆ ಬೇರೆ ಇದ್ದಿದ್ದರೆ ಒಂದೊಂದು ಫೈಲಿಗೂ ತಲೆಬರಹ, ಸಾಲು ಹೊಂದಿಸಲು ಬಿಡುವ ಖಾಲಿ ಜಾಗ ಎಲ್ಲ ಸೇರಿ ಇನ್ನಷ್ಟು ತೂಕ.

ಇದರ ಹುಟ್ಟೇ ಜಾಗದ ಬರದಲ್ಲಿ. 1990ರ ದಶಕದ ನಡುವಿನಲ್ಲಿ ಬ್ರೂಸ್ ಪೆರೆನ್ಸ್ ಇದನ್ನು ಬರೆದದ್ದು ಡೆಬಿಯನ್ ಎಂಬ ಲಿನಕ್ಸ್‌ನ ಅನುಸ್ಥಾಪಕಕ್ಕಾಗಿ. ಬೂಟ್ ಆಗುವ, ಕೆಟ್ಟ ವ್ಯವಸ್ಥೆಯನ್ನು ರಿಪೇರಿ ಮಾಡಲೂ ಆಗುವ ಒಂದು ಇಡೀ ಸಿಸ್ಟಮ್ ಒಂದೇ ಫ್ಲಾಪಿಯಲ್ಲಿ ಹಿಡಿಸಬೇಕಿತ್ತು. ಫ್ಲಾಪಿ ಎಂದರೆ 1.44 ಎಂಬಿ.

ಎಲ್ಲರೂ ಏಕೆ ಬಳಸುವುದಿಲ್ಲ ಎಂದರೆ, ಅದು ಎಷ್ಟೋ ಆಯ್ಕೆಗಳನ್ನು ಬಿಟ್ಟಿದೆ. ಗ್ರೆಪ್‌ಗೆ ಮೈನಸ್ ದೊಡ್ಡ ಪಿ ಕೊಟ್ಟು ಪರ್ಲ್ ಶೈಲಿಯ ಹುಡುಕಾಟ ಮಾಡಲಾಗದು, ಅದರ ಶೆಲ್‌ನಲ್ಲಿ ಬ್ಯಾಶ್‌ನ ಅರೇಗಳಿಲ್ಲ. ಪೂರ್ಣ ಆವೃತ್ತಿಗಳಿಂದ ಇದಕ್ಕೆ ಬದಲಿಸಿದ ದಿನ ಒಳಗಿರುವ ಎಲ್ಲ ಸ್ಕ್ರಿಪ್ಟ್‌ಗಳನ್ನೂ ಓಡಿಸಿ ನೋಡಿ, ವರ್ಷಕ್ಕೊಮ್ಮೆ ಓಡುವುದನ್ನು ವಿಶೇಷವಾಗಿ.

ಪ್ರಶ್ನೆ: ಮೇಡಂ, ಸಿ ಭಾಷೆಯ ಮೂಲ ಲೈಬ್ರರಿಯಾದ ಗ್ಲಿಬ್‌ಸಿ ಬದಲು ಅದೇ ಕೆಲಸದ ಚಿಕ್ಕ ಲೈಬ್ರರಿ ಮಸಲ್ ಹಾಕಿದೆವು. ಒಂದು ಎಂಬಿಗೂ ಹೆಚ್ಚು ಉಳಿಯಿತು. ಆದರೆ ಮೂರು ವರ್ಷದಿಂದ ಸರಿಯಾಗಿ ಓಡುತ್ತಿದ್ದ ನಮ್ಮ ಪ್ರೋಗ್ರಾಮ್ ಈಗ ಒಮ್ಮೊಮ್ಮೆ ಸೆಗ್ಮೆಂಟೇಶನ್ ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿದ ದೋಷ) ಎಂದು ಸಾಯುತ್ತದೆ. ಮಸಲ್‌ನಲ್ಲಿ ದೋಷವಿದೆಯೆ?

ಉತ್ತರ: ಥ್ರೆಡ್ (ಒಂದೇ ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಓಡುವ ಎಳೆ) ಬಳಸುತ್ತೀರಾ? ಆ ಥ್ರೆಡ್‌ನೊಳಗೆ ದೊಡ್ಡ ಲೋಕಲ್ ಅರೇ ಇದೆಯೆ? ಇದ್ದೇ ಇರುತ್ತದೆ ಎಂದು ಬಾಜಿ ಕಟ್ಟುತ್ತೇನೆ. ಗ್ಲಿಬ್‌ಸಿಯಲ್ಲಿ ಹೊಸ ಥ್ರೆಡ್‌ಗೆ ಸಿಗುವ ಸ್ಟ್ಯಾಕ್ (ಫಂಕ್ಷನ್‌ಗಳ ಲೋಕಲ್ ಸಾಮಾನು ಇಡುವ ಮೆಮೊರಿ) ಸಾಮಾನ್ಯವಾಗಿ 8 ಎಂಬಿ. ಮಸಲ್‌ನಲ್ಲಿ 128 ಕೆಬಿ, ಇನ್ನೂ ಹಳೆಯ ಆವೃತ್ತಿಗಳಲ್ಲಿ ಅದಕ್ಕಿಂತ ಕಡಿಮೆ. ‘ಚಾರ್ ಬಫ್, 200 ಕೆಬಿ’ ಎಂದು ಫಂಕ್ಷನ್ ಒಳಗೆ ಘೋಷಿಸಿದ್ದು ಅಲ್ಲಿ ಗೊತ್ತೇ ಆಗಲಿಲ್ಲ, ಇಲ್ಲಿ ಗೋಡೆ ಒಡೆದುಕೊಂಡು ಹೊರಬಂತು. ದೋಷ ನಿಮ್ಮ ಕೋಡಿನದೇ, ಗ್ಲಿಬ್‌ಸಿ ಮೂರು ವರ್ಷ ಮುಚ್ಚಿಟ್ಟುಕೊಂಡಿತ್ತು ಅಷ್ಟೆ. ಥ್ರೆಡ್ ಹುಟ್ಟಿಸುವಾಗ ಆಟ್ರಿಬ್ಯೂಟ್ ಮೂಲಕ ಸ್ಟ್ಯಾಕ್ ಗಾತ್ರ ನೀವೇ ಹೇಳಿ, ಇಲ್ಲವೇ ಲಿಂಕರ್‌ಗೆ ಸ್ಟ್ಯಾಕ್-ಸೈಜ್ ಆಯ್ಕೆ ಕೊಡಿ. ಮಸಲ್ ಅದನ್ನು ಗೌರವಿಸುತ್ತದೆ. ಇನ್ನೂ ಒಳ್ಳೆಯದೆಂದರೆ ಆ ಬಫರನ್ನು ಸ್ಟ್ಯಾಕ್‌ನಿಂದ ಎತ್ತಿಬಿಡುವುದು.

ಹೆಸರಿನಿಂದ ಐಪಿ ವಿಳಾಸ ಹುಡುಕುವುದರಲ್ಲೂ ವ್ಯತ್ಯಾಸವಿದೆ. ಡಿಎನ್‌ಎಸ್ ಉತ್ತರ ದೊಡ್ಡದಾಗಿ ಟಿಸಿಪಿಗೆ ತಿರುಗಬೇಕಾದ ಸಂದರ್ಭವನ್ನು ಮಸಲ್ ನಿಭಾಯಿಸತೊಡಗಿದ್ದು 2023ರ 1.2.4ರಿಂದ. ನಿಮ್ಮದು ಅದಕ್ಕಿಂತ ಹಳೆಯದಾದರೆ ಮೊದಲು ಅದನ್ನು ಏರಿಸಿಕೊಳ್ಳಿ.

ಪ್ರಶ್ನೆ: ಕರ್ನಲ್ ಆಯ್ಕೆಗಳ ಪಟ್ಟಿಯಾದ ಮೆನುಕಾನ್ಫಿಗ್‌ನಲ್ಲಿ ಕೂತು ಒಂದೇ ರಾತ್ರಿ ಕರ್ನಲ್‌ನಿಂದ ಅರವತ್ತು ಆಯ್ಕೆಗಳನ್ನು ತೆಗೆದೆ. ಈಗ ‘ಸ್ಟಾರ್ಟಿಂಗ್ ಕರ್ನಲ್’ ಎಂದು ಬೂಟ್‌ಲೋಡರ್ ಹೇಳಿದ ಮೇಲೆ ಒಂದಕ್ಷರವೂ ಬರುತ್ತಿಲ್ಲ. ಏನು ತೆಗೆದೆ ಎಂಬುದೂ ನೆನಪಿಲ್ಲ.

ಉತ್ತರ: ಹಳೆಯ ಕಾನ್ಫಿಗ್ ಎಲ್ಲಾದರೂ ಉಳಿದಿದ್ದರೆ ನೀವು ಅದೃಷ್ಟವಂತರು. ಅದನ್ನು ಸೇವ್‌ಡೆಫ್‌ಕಾನ್ಫಿಗ್ ಮಾಡಿ (ಆಯ್ಕೆಗಳ ಚಿಕ್ಕ ಪ್ರತಿ ಉಳಿಸಿ) ಗಿಟ್‌ಗೆ ಹಾಕಿ, ಆಮೇಲೆ ಉಸಿರಾಡಿ. ಅರವತ್ತರಲ್ಲಿ ಮೂವತ್ತನ್ನು ವಾಪಸ್ ಹಾಕಿ ಬೂಟ್ ಮಾಡಿ. ಮಾತಾಡಿದರೆ ಅಪರಾಧಿ ಆ ಮೂವತ್ತರಲ್ಲಿದ್ದಾನೆ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಆರೇಳು ಬಿಲ್ಡ್‌ಗಳಲ್ಲಿ ಸಿಕ್ಕಿಬೀಳುತ್ತಾನೆ. ಇಬ್ಬರಿದ್ದರೆ ಇನ್ನೊಂದು ಸುತ್ತು.

ಕರ್ನಲ್ ಮೂಕವಾಗಿದೆಯೆಂದರೆ ಸತ್ತಿದೆ ಎಂದೇ ಅರ್ಥವಲ್ಲ. ಸೀರಿಯಲ್ ಡ್ರೈವರ್ ಉಳಿಸಿ, ಅದರ ಕೆಳಗಿನ ‘ಕನ್ಸೋಲ್ ಆಗಿ ಬಳಸು’ ಎಂಬ ಪುಟ್ಟ ಆಯ್ಕೆ ತೆಗೆದವರನ್ನು ಬಹಳ ನೋಡಿದ್ದೇನೆ. ಕರ್ನಲ್ ಒಳಗೆ ಆರಾಮಾಗಿ ಓಡುತ್ತಿರುತ್ತದೆ, ಹೇಳಿಕೊಳ್ಳಲು ಬಾಯಿಲ್ಲ. ಇನ್ನೊಂದು ಹಳೆಯ ಗುಂಡಿ: ಮಾತಾಡುತ್ತದೆ, ಆದರೆ ಕೊನೆಯಲ್ಲಿ ಇನಿಟ್ (ಕರ್ನಲ್ ಮೊದಲು ಓಡಿಸುವ ಪ್ರೋಗ್ರಾಮ್) ಓಡಿಸಲಾಗಲಿಲ್ಲ, ಎರರ್ ಮೈನಸ್ 8 ಎನ್ನುತ್ತದೆ. ಆ ಸಂಖ್ಯೆಯ ಅರ್ಥ, ಈ ಫೈಲ್ ಯಾವ ಬಗೆಯದೆಂದು ನನಗೆ ತಿಳಿಯದು. ಇನಿಟ್ ಒಂದು ಶೆಲ್ ಸ್ಕ್ರಿಪ್ಟ್ ಆಗಿದ್ದು, ಸ್ಕ್ರಿಪ್ಟ್ ಓಡಿಸುವ ಬಿನ್‌ಎಫ್‌ಎಂಟಿ ಆಯ್ಕೆಯನ್ನೇ ತೆಗೆದಿದ್ದರೆ ಹೀಗಾಗುತ್ತದೆ. ಟೈನಿಕಾನ್ಫಿಗ್ ಎಂಬ ತೀರ ಚಿಕ್ಕ ಆಯ್ಕೆಪಟ್ಟಿಯಿಂದ ಶುರು ಮಾಡುವವರಿಗೆ ಇದು ಮೊದಲ ದಿನವೇ ಎದುರಾಗುತ್ತದೆ, ಏಕೆಂದರೆ ಅದರಲ್ಲಿ ಇಎಲ್‌ಎಫ್ (ಲಿನಕ್ಸ್ ಪ್ರೋಗ್ರಾಮ್‌ಗಳ ಮಾಮೂಲು ಫೈಲ್ ರೂಪ) ಓಡಿಸುವ ಆಯ್ಕೆಯೂ ಇಲ್ಲ, ಟಿಟಿವೈಯೂ (ಟರ್ಮಿನಲ್) ಇಲ್ಲ, ಪ್ರಿಂಟ್‌ಕೆಯೂ (ಕರ್ನಲ್ ಸಂದೇಶ ಮುದ್ರಿಸುವ ಫಂಕ್ಷನ್) ಇಲ್ಲ. ಅದು ಎಷ್ಟು ಸಣ್ಣದಾಗಬಹುದು ಎಂದು ತೋರಿಸುವ ತಳ. ಅಲ್ಲಿಂದ ಮೇಲಕ್ಕೆ ಕಟ್ಟುವುದು ಒಳ್ಳೆಯ ಪಾಠ, ಡೆಡ್‌ಲೈನ್ ಇರುವ ವಾರದಲ್ಲಿ ಬೇಡ.

ಪ್ರಶ್ನೆ: ಪ್ರಿಂಟ್‌ಕೆ ತೆಗೆದರೆ ಕರ್ನಲ್ ನೂರಾರು ಕೆಬಿ ಇಳಿಯುತ್ತದಂತೆ. ಸಾಧನ ಮಾರಾಟವಾದ ಮೇಲೆ ಸೀರಿಯಲ್ ಕೇಬಲ್ ಹಾಕಿ ನೋಡುವವರು ಯಾರೂ ಇಲ್ಲ. ತೆಗೆಯಬಹುದಲ್ಲವೇ?

ಉತ್ತರ: ಇಳಿಯುತ್ತದೆ, ನಿಜ. ಕರ್ನಲ್ ತುಂಬ ಹರಡಿರುವ ಸಂದೇಶಗಳ ಅಕ್ಷರಗಳೆಲ್ಲ ಮಾಯವಾಗುತ್ತವೆ. ನಾನೂ ಒಮ್ಮೆ ತೆಗೆದಿದ್ದೆ.

ಕೆಲಸಕ್ಕೆ ಸೇರಿ ನಾಲ್ಕನೆಯ ವರ್ಷ. ಮೀಟರ್ ಓದಿ ಕಳಿಸುವ ಒಂದು ಪೆಟ್ಟಿಗೆ, ಕರ್ನಲ್ ಪಾರ್ಟಿಷನ್ ಸರಿಯಾಗಿ 2 ಎಂಬಿ. ಪೆಟ್ಟಿಗೆಗಳು ಆಗಲೇ ಗೋಡೆ ಗೋಡೆಗಳ ಮೇಲೆ ಕೂತಿದ್ದರಿಂದ ಪಾರ್ಟಿಷನ್ ಗಡಿ ಬದಲಿಸುವಂತಿರಲಿಲ್ಲ. ಹೊಸ ಕರ್ನಲ್ 70 ಕೆಬಿ ಹೆಚ್ಚಾಯಿತು. ಶುಕ್ರವಾರ ಸಂಜೆ ಪ್ರಿಂಟ್‌ಕೆ ತೆಗೆದೆ, ಹಿಡಿಸಿತು, ಎಲ್ಲರೂ ಬೆನ್ನು ತಟ್ಟಿದರು. ಲ್ಯಾಬ್‌ನಲ್ಲಿ ಎರಡು ವಾರ ಓಡಿಸಿದೆವು, ಏನೂ ಆಗಲಿಲ್ಲ.

ಎರಡು ತಿಂಗಳ ಮೇಲೆ ಕೆಲವು ಪೆಟ್ಟಿಗೆಗಳು ಸುಮ್ಮನಾಗತೊಡಗಿದವು. ವಾಪಸ್ ತರಿಸಿ ಕೇಬಲ್ ಹಾಕಿದರೆ ಕನ್ಸೋಲ್ ಖಾಲಿ. ಕರ್ನಲ್ ಸಂದೇಶಗಳನ್ನು ತೋರಿಸುವ ಡಿಮೆಸೆಜ್ ಖಾಲಿ. ರೋಗಿ ಇದ್ದಾನೆ, ನಾಲಿಗೆಯನ್ನು ನಾವೇ ಕಿತ್ತಿದ್ದೇವೆ. ಪ್ರಿಂಟ್‌ಕೆ ಇರುವ ಕರ್ನಲನ್ನು ನೆಟ್‌ವರ್ಕ್ ಮೂಲಕ ರ್ಯಾಮ್‌ಗೆ ಇಳಿಸಿ ಬೂಟ್ ಮಾಡಿದ ಐದೇ ನಿಮಿಷಕ್ಕೆ ಕಾರಣ ತೆರೆಯ ಮೇಲಿತ್ತು: ನ್ಯಾಂಡ್ ಫ್ಲಾಶ್‌ನಲ್ಲಿ ಸರಿಪಡಿಸಲಾಗದ ಇಸಿಸಿ (ತಪ್ಪಿದ ಬಿಟ್ ಹಿಡಿದು ತಿದ್ದುವ ಲೆಕ್ಕ) ದೋಷಗಳು, ಸಾಲುಸಾಲಾಗಿ. ನಮ್ಮದೇ ಪ್ರೋಗ್ರಾಮ್ ನಿಮಿಷಕ್ಕೊಮ್ಮೆ ಒಂದೇ ಫೈಲನ್ನು ತಿರುಗಿ ಬರೆಯುತ್ತ ಫ್ಲಾಶನ್ನು ಸವೆಸಿತ್ತು. ಆ ಐದು ನಿಮಿಷಕ್ಕೆ ಮುಂಚೆ ಹನ್ನೊಂದು ದಿನ ನಾವು ಪವರ್ ಸಪ್ಲೈಯನ್ನು ಅನುಮಾನಿಸುತ್ತ ಕೂತಿದ್ದೆವು.

ಹೊಟ್ಟೆ ಉರಿಸಿದ್ದು ಆಮೇಲೆ. ಪ್ರಿಂಟ್‌ಕೆಯನ್ನು ವಾಪಸ್ ಹಾಕಲು ಜಾಗ ಹುಡುಕುವಾಗ ಅದೇ ಕರ್ನಲ್‌ನಲ್ಲಿ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಬೇರೆ ಕಂಪ್ಯೂಟರಿನ ಫೈಲ್ ಬಳಸುವ ವ್ಯವಸ್ಥೆ) ಇತ್ತು. ಅಭಿವೃದ್ಧಿಯ ದಿನಗಳಲ್ಲಿ ನನ್ನ ಮೇಜಿನ ಕಂಪ್ಯೂಟರ್‌ನಿಂದ ರೂಟ್ ಫೈಲ್ ಸಿಸ್ಟಮ್ ಮೌಂಟ್ ಮಾಡಲು ನಾನೇ ಹಾಕಿಕೊಂಡದ್ದು, ತೆಗೆಯಲು ಮರೆತದ್ದು. ಅದೊಂದನ್ನು ತೆಗೆದರೆ ಪ್ರಿಂಟ್‌ಕೆ ಇಟ್ಟುಕೊಂಡೂ ಹಿಡಿಸಿತು.

ಹಾಗಾಗಿ ನನ್ನ ಉತ್ತರ: ಬೇಡ. ತೆಗೆಯಲೇಬೇಕೆಂದರೆ ಕಾಲ್‌ಸಿಮ್ಸ್ ತೆಗೆಯಿರಿ. ಅದು ಕ್ರ್ಯಾಶ್ ಆದಾಗ ಫಂಕ್ಷನ್‌ಗಳ ಹೆಸರು ತೋರಿಸಲು ಇಟ್ಟುಕೊಂಡಿರುವ ಕೋಷ್ಟಕ. ಇಲ್ಲದಿದ್ದರೆ ಬರೀ ವಿಳಾಸಗಳು ಬರುತ್ತವೆ, ಆದರೆ ಆ ಬಿಲ್ಡ್‌ನ ವಿಎಂಲಿನಕ್ಸ್ (ಕುಗ್ಗಿಸದ ಕರ್ನಲ್) ಮತ್ತು ಸಿಸ್ಟಮ್ ಮ್ಯಾಪ್ (ಹೆಸರು-ವಿಳಾಸಗಳ ಪಟ್ಟಿ) ಫೈಲುಗಳನ್ನು ನಿಮ್ಮ ಸರ್ವರ್‌ನಲ್ಲಿ ಜೋಪಾನ ಮಾಡಿದ್ದರೆ ಕೂತಲ್ಲೇ ಹೆಸರಿಗೆ ತಿರುಗಿಸಬಹುದು. ಹೆಸರುಗಳು ಪೆಟ್ಟಿಗೆಯಲ್ಲೇ ಇರಬೇಕಾಗಿಲ್ಲ, ಮಾತು ಪೆಟ್ಟಿಗೆಯಿಂದಲೇ ಬರಬೇಕು. ಕೇಬಲ್ ಹಾಕುವವರು ಇಲ್ಲ ಎಂದಿರಲ್ಲ, ಅದಕ್ಕೆ ರ್ಯಾಮ್‌ಊಪ್ಸ್ ಇದೆ: ಸಾಯುವ ಮುನ್ನ ಆಡಿದ ಮಾತುಗಳನ್ನು ರ್ಯಾಮ್‌ನ ಒಂದು ಮೂಲೆಯಲ್ಲಿ ಇಟ್ಟು, ರೀಬೂಟ್ ಆದ ಮೇಲೆ ಫೈಲಾಗಿ ಕೊಡುತ್ತದೆ. ಅದನ್ನು ನಿಮ್ಮ ಪ್ರೋಗ್ರಾಮ್ ನಿಮಗೆ ಕಳಿಸಲಿ.

ಪ್ರಶ್ನೆ: ಅಕ್ಕಾ ಎಂದು ಕರೆಯಲೇ? ನಾನು ಇಂಜಿನಿಯರಿಂಗ್ ಮೂರನೇ ವರ್ಷದವನು. ಮೆಮೊರಿ ಇಷ್ಟು ಅಗ್ಗವಾಗಿರುವಾಗ ಈ ಕೆಬಿ ಲೆಕ್ಕ ಜಿಪುಣತನವಲ್ಲವೇ? ದೊಡ್ಡ ಚಿಪ್ ಹಾಕಿದರಾಯಿತಲ್ಲ!

ಉತ್ತರ: ಕರೆಯಪ್ಪಾ, ಅಡ್ಡಿಯಿಲ್ಲ. ನೀನು ಒಂದು ಬೋರ್ಡ್ ಮಾಡುವುದಾದರೆ ದೊಡ್ಡ ಚಿಪ್ ಹಾಕು, ನಾನೂ ಹಾಗೇ ಮಾಡುತ್ತೇನೆ. ಲಕ್ಷ ಬೋರ್ಡ್ ಮಾಡುವವರ ಲೆಕ್ಕ ಬೇರೆ ಎಂಬುದು ನಿನಗೂ ಗೊತ್ತಿರಬಹುದು. ನಿನಗೆ ಹೊಳೆಯದಿರಬಹುದಾದ್ದು ಅಪ್‌ಡೇಟ್. ಅರ್ಧದಲ್ಲಿ ಕರೆಂಟ್ ಹೋದರೂ ಸಾಧನ ಬದುಕಬೇಕೆಂದರೆ ಹಳೆಯ ಇಮೇಜ್, ಹೊಸ ಇಮೇಜ್ ಎರಡಕ್ಕೂ ಬೇರೆ ಬೇರೆ ಪಾರ್ಟಿಷನ್ ಇಡುತ್ತಾರೆ. ಹಾಗಾಗಿ ಇಮೇಜಿನ ಒಂದೊಂದು ಎಂಬಿಯೂ ಫ್ಲಾಶ್‌ನಲ್ಲಿ ಎರಡು. ಅದು ನಿಧಾನದ ಮೊಬೈಲ್ ಸಂಪರ್ಕದಲ್ಲಿ ಇಳಿಯಬೇಕು, ಬ್ಯಾಟರಿಯಲ್ಲಿ ಓಡುವುದಾದರೆ ಇಳಿಯುವಷ್ಟು ಹೊತ್ತೂ ರೇಡಿಯೋ ಎದ್ದಿರಬೇಕು. ಇನ್ನು, ಒಳಗೆ ಇಲ್ಲದ ಪ್ರೋಗ್ರಾಮಿನಲ್ಲಿ ಭದ್ರತಾ ದೋಷ ಸಿಕ್ಕರೆ ನೀನು ರಾತ್ರಿ ಎದ್ದು ಕೂರಬೇಕಾಗಿಲ್ಲ. ನನಗೆ ವಯಸ್ಸಾದಂತೆ ಈ ಕಾರಣವೇ ಹೆಚ್ಚು ಹಿಡಿಸುತ್ತಿದೆ.

ಪ್ರಶ್ನೆ: ನಮ್ಮದು ಲಿನಕ್ಸ್ ಅಲ್ಲ, 64 ಕೆಬಿ ಫ್ಲಾಶ್‌ನ ಮೈಕ್ರೋಕಂಟ್ರೋಲರ್ ಮೇಲೆ ಫ್ರೀಆರ್‌ಟಿಓಎಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್. ತಾಪಮಾನ ತೋರಿಸಲು ಪ್ರಿಂಟ್‌ಎಫ್ ಎಂಬ ಮುದ್ರಣ ಫಂಕ್ಷನ್‌ನಲ್ಲಿ ಪರ್ಸೆಂಟ್ ಎಫ್ (ದಶಮಾಂಶ ಸಂಖ್ಯೆಯ ಗುರುತು) ಹಾಕಿದ ದಿನ ಫರ್ಮ್‌ವೇರ್ ದಿಢೀರನೆ ಉಬ್ಬಿತು. ಆರ್‌ಟಿಓಎಸ್ ಬದಲಿಸಬೇಕೆ?

ಉತ್ತರ: ಆರ್‌ಟಿಓಎಸ್ ಪಾಪ, ಅದರ ಕರ್ನಲ್ ಇರುವುದೇ ಸಾಮಾನ್ಯವಾಗಿ 6ರಿಂದ 12 ಕೆಬಿ. ಉಬ್ಬಿಸಿದ್ದು ಪ್ರಿಂಟ್‌ಎಫ್, ದಶಮಾಂಶ ಸಂಖ್ಯೆಯನ್ನು ಅಕ್ಷರವಾಗಿಸುವ ಕೋಡ್ ಭಾರೀ. ಲಿಂಕರ್ ಕೊಡುವ ಮ್ಯಾಪ್ ಫೈಲ್ ತೆರೆದರೆ ಹೆಸರು ಸಮೇತ ಕಾಣುತ್ತದೆ. ನ್ಯೂಲಿಬ್-ನ್ಯಾನೋ ಎಂಬ ಚಿಕ್ಕ ಸಿ ಲೈಬ್ರರಿ ಬಳಸಿ; ಅದರಲ್ಲಿ ಫ್ಲೋಟ್ ಮುದ್ರಣ ನೀವು ಕೇಳದ ಹೊರತು ಸೇರುವುದೇ ಇಲ್ಲ. ತಾಪಮಾನವನ್ನು ಹತ್ತರಷ್ಟು ಮಾಡಿ ಪೂರ್ಣಾಂಕವಾಗಿ ಇಟ್ಟುಕೊಳ್ಳಿ, 27.4 ಎಂದರೆ 274. ಹತ್ತರಿಂದ ಭಾಗಿಸಿದ್ದು ಚುಕ್ಕೆಯ ಎಡಕ್ಕೆ, ಶೇಷ ಬಲಕ್ಕೆ. ಸೊನ್ನೆಗೆ ತುಸು ಕೆಳಗಿನದರಲ್ಲಿ ಮಾತ್ರ ಎಚ್ಚರ: ಮೈನಸ್ 4ನ್ನು ಹತ್ತರಿಂದ ಭಾಗಿಸಿದರೆ ಸೊನ್ನೆ ಬಂದು ಮೈನಸ್ ಗುರುತು ಕಳೆದುಹೋಗುತ್ತದೆ, ಮೈನಸ್ 0.4 ಇರಬೇಕಾದಲ್ಲಿ ಅಡ್ಡಾದಿಡ್ಡಿ ಬರುತ್ತದೆ. ಚಿಹ್ನೆಯನ್ನು ಮೊದಲೇ ಬೇರೆಯಾಗಿ ಮುದ್ರಿಸಿ. ಇದನ್ನು ನಾನು ಕಲಿತದ್ದು ಶೀತಲ ಪೆಟ್ಟಿಗೆಯೊಂದರ ಮುಂದೆ ನಿಂತು.

ಪ್ರಶ್ನೆ: ಫ್ಲಾಶ್ ಚಿಪ್ ಮೇಲೆ ಡಬ್ಲ್ಯು25ಕ್ಯು128 ಎಂದಿತ್ತು, 128 ಎಂಬಿ ಎಂದು ತಂದೆ. ಲಿನಕ್ಸ್ 16 ಎಂಬಿ ಮಾತ್ರ ತೋರಿಸುತ್ತಿದೆ. ನಕಲಿ ಮಾಲು ಕೊಟ್ಟರೇ?

ಉತ್ತರ: ಜಗಳಕ್ಕೆ ಹೋಗಬೇಡಿ, ಚಿಪ್ ಅಸಲಿಯೇ. ಆ 128 ಮೆಗಾಬಿಟ್. ಎಂಟರಿಂದ ಭಾಗಿಸಿದರೆ 16 ಮೆಗಾಬೈಟ್. ಹೀಗೆ ಬಿಟ್ ಲೆಕ್ಕದಲ್ಲಿ ಹೆಸರಿಡುವುದು ಈ ಚಿಪ್‌ಗಳ ಹಳೆಯ ಪದ್ಧತಿ. ನಿಮ್ಮ ಇಮೇಜ್ ಎಷ್ಟಿದೆ ಎಂದು ಬರೆದಿಲ್ಲ. 16ಕ್ಕಿಂತ ಹೆಚ್ಚಿದ್ದರೆ ಈ ಪುಟದ ಮೊದಲ ಉತ್ತರಕ್ಕೆ ವಾಪಸ್ ಹೋಗಿ, ಬಿಲ್ಡ್‌ಹಿಸ್ಟರಿಯ ಮೊದಲ ಹತ್ತು ಸಾಲು ಬರೆದು ಕಳಿಸಿ.